ಹೊಸ ಮಾಸ್ಟರ್ ಪ್ಲಾನ್ ಯಾವಾಗ ಕೊಡ್ತೀರಿ? ಬೆಂಗಳೂರು ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ವರ್ತೂರು–ಗುಂಜೂರು ಕಡೆ ಒಂದು ರೆವಿನ್ಯೂ ಲೇಔಟ್‌ನಲ್ಲಿ (ಕೃಷಿ ಜಮೀನನ್ನೇ ಸೈಟು ಮಾಡಿ ಮಾರಿದ ಬಡಾವಣೆ) ಇರುವವಳು. ಮನೆಯ ಮುಂದಿನ ರೂಮಿನಲ್ಲೇ ಮಿಷಿನ್ ಹಾಕಿಕೊಂಡು ಟೈಲರಿಂಗ್ ಮಾಡುತ್ತೇನೆ. ಅರ್ಜಿ ಕೊಟ್ಟಿದ್ದಾಯಿತು, ಫೋನ್ ಮಾಡಿದ್ದಾಯಿತು, ಟೋಕನ್ ಹಿಡಿದುಕೊಂಡು ಕೂತಿದ್ದೂ ಆಯಿತು. ಇನ್ನು ಗುಟ್ಟಾಗಿ ಬೇಡಿಕೊಳ್ಳೋದು ಬೇಡ, ಎಲ್ಲರೂ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ಬೆಂಗಳೂರಿನ ಹೊಸ ಮಾಸ್ಟರ್ ಪ್ಲಾನ್, ಅಂದರೆ ಊರಿನಲ್ಲಿ ಎಲ್ಲಿ ರಸ್ತೆ, ಎಲ್ಲಿ ಮನೆ, ಎಲ್ಲಿ ಕಾಲುವೆ ಅಂತ ಗೊತ್ತು ಮಾಡುವ ನಕ್ಷೆ, ಅದರ ಕರಡು ಹೊರಗೆ ಬಿಡಿ. ಕನ್ನಡದಲ್ಲಿ ಬಿಡಿ. ಸರ್ವೆ ನಂಬರ್ ಕಾಣುವ ಹಾಗೆ ನಮ್ಮ ವಾರ್ಡಿನಲ್ಲೇ ಗೋಡೆಗೆ ಅಂಟಿಸಿ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ, ಅದೆಲ್ಲ ನಿಮ್ಮ ಅಧಿಕಾರಿಗಳಿಗೆ ಬಾಯಿಪಾಠ. ಈಗ ಜಾರಿಯಲ್ಲಿರುವ ಪ್ಲಾನಿನ ಹೆಸರಿನಲ್ಲೇ 2015 ಅಂತಿದೆ. ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 2007ರ ಜೂನ್‌ನಲ್ಲಿ. ಆಮೇಲೆ 2031ಕ್ಕೆ ಅಂತ ಒಂದು ಕರಡು 2017ರ ನವೆಂಬರ್‌ನಲ್ಲಿ ಬಂತು. ಜನ ಸಾವಿರಗಟ್ಟಲೆ ಆಕ್ಷೇಪಣೆ ಬರೆದುಕೊಟ್ಟರು. 2020ರಲ್ಲಿ ಸರ್ಕಾರವೇ ಅದನ್ನು ವಾಪಸ್ ತೆಗೆದುಕೊಂಡಿತು. ಅಲ್ಲಿಂದ 2041ರ ಪ್ಲಾನ್ ಬರುತ್ತೆ, ಬರುತ್ತೆ ಅಂತ ಕೇಳುತ್ತಾ ಬಂದಿದ್ದೇವೆ. ಇಸವಿ ಮಾತ್ರ ಮುಂದೆ ಮುಂದೆ ಹೋಗುತ್ತಿದೆ.

ನನ್ನ ಹತ್ತಿರ ಬರುವ ಕೆಲವು ಹೆಂಗಸರು ಮದುವೆಗೆ ಮುಂಚಿನ ಅಳತೆ ಬ್ಲೌಸ್ ತಂದು, ಇದೇ ಅಳತೆಗೆ ಹೊಲಿದುಬಿಡಿ ಅನ್ನುತ್ತಾರೆ. ಎರಡು ಬಾಣಂತನ ಆಗಿರುತ್ತೆ. ಟೇಪ್ ಹಿಡಿದು ಮತ್ತೆ ಅಳತೆ ತಗೊಳ್ಳದೆ ನಾನು ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ನೀವು ಹಾಕುತ್ತಿದ್ದೀರಿ.

ನಮ್ಮ ಕಡೆಯ ಪಂಚಾಯಿತಿಗಳನ್ನು ಪಾಲಿಕೆಗೆ ಸೇರಿಸಿದ್ದೂ ಅದೇ 2007ರಲ್ಲೇ. 110 ಹಳ್ಳಿ ಅಂತ ಇವತ್ತಿಗೂ ನಮ್ಮನ್ನು ಕರೆಯುತ್ತಾರೆ. ಆ ನಕ್ಷೆಗೆ ಅಳತೆ ತಗೊಂಡ ಕಾಲದಲ್ಲಿ ಇಲ್ಲಿ ರಾಗಿ ಹೊಲ ಇತ್ತು, ಸೊಪ್ಪಿನ ಮಡಿ ಇತ್ತು. 2001ರ ಜನಗಣತಿಯಲ್ಲಿ ಬೆಂಗಳೂರು 57 ಲಕ್ಷ, 2011ಕ್ಕೆ 85 ಲಕ್ಷ. ಆಮೇಲೆ ಬಂದು ಸೇರಿಕೊಂಡವರಲ್ಲಿ ಅರ್ಧ ಜನ ನಮ್ಮ ಮನೆ ಹಿಂದೇನೇ ಇದ್ದಾರೇನೋ ಅನ್ನಿಸುತ್ತೆ. 2023ರಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂತು. ಬರಲಿ, ಒಳ್ಳೇದೇ. ಮೆಟ್ರೋ ಹತ್ತಲು ಮನೆಯಿಂದ ಹೊರಗೆ ಕಾಲಿಡುವ ದಾರಿಯ ಕಥೆ ಹೇಳುತ್ತೇನೆ ಕೇಳಿ.

ನಮ್ಮ ಮನೆ ಮುಂದೆ ಒಂದು ಸಿಡಿಪಿ ರೋಡ್ (ಮಾಸ್ಟರ್ ಪ್ಲಾನಿನಲ್ಲಿ ಗುರುತು ಹಾಕಿದ ರಸ್ತೆ; ಸಿಡಿಪಿ ಅನ್ನೋದು ಆ ಪ್ಲಾನಿನ ಹಳೇ ಹೆಸರು) ಇದೆ. ಅಂದರೆ ನಕ್ಷೆಯಲ್ಲಿದೆ. ಅಲ್ಲಿ ಅದು 60 ಅಡಿ. ನೆಲದ ಮೇಲೆ ಎರಡು ಕಾರು ಎದುರುಬದುರಾದರೆ ಒಬ್ಬರು ಯಾರದಾದರೂ ಗೇಟಿನೊಳಗೆ ನುಗ್ಗಬೇಕು. ಆ 60 ಅಡಿಯಲ್ಲಿ ನಮ್ಮ ಕಾಂಪೌಂಡು, ಸಂಪು, ನಾನು ಮಿಷಿನ್ ಹಾಕಿಕೊಂಡಿರುವ ರೂಮು ಎಲ್ಲಾ ಬರುತ್ತಂತೆ. ಹಾಗಾಗಿ ಮೇಲೊಂದು ಮಹಡಿ ಕಟ್ಟಲು ಪ್ಲಾನ್ ಪಾಸಾಗಲ್ಲ. ಪ್ಲಾನ್ ಇಲ್ಲದೆ ಬ್ಯಾಂಕ್ ಸಾಲ ಇಲ್ಲ. ಮಗನ ಮದುವೆಗೆ ಮುಂಚೆ ಮೇಲೆ ಎರಡು ರೂಮು ಹಾಕಬೇಕು ಅಂತ ನಮ್ಮ ಮನೆಯವರು ಚೀಟಿ ಕಟ್ಟಿ ದುಡ್ಡು ಕೂಡಿಸಿದ್ದರು. ಮದುವೆ ಆಯಿತು. ರೂಮು ಆಗಲಿಲ್ಲ. ಮಗ ಸೊಸೆ ಈಗ ಹೊಸಕೋಟೆ ಹತ್ತಿರ ಬಾಡಿಗೆ ಮನೆಯಲ್ಲಿದ್ದಾರೆ. ಮೊಮ್ಮಗಳನ್ನು ನೋಡಬೇಕಂದರೆ ಭಾನುವಾರ ಆಗಬೇಕು.

ರೋಡ್ ಯಾವಾಗ ಮಾಡುತ್ತೀರಿ ಅಂತ ಒಂದು ಕಚೇರಿಯಲ್ಲಿ ಕೇಳಿದೆ. ಯಾವ ಕಚೇರಿ ಅಂತ ಇಲ್ಲಿ ಬೇಡ, ಎಲ್ಲಾ ಕಡೆ ಅದೇ ಉತ್ತರ. ಅಲ್ಲಿದ್ದ ಇಂಜಿನಿಯರ್ ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. "ಅಮ್ಮಾ, ಆ ರೋಡ್ ಬರಲ್ಲ. ದುಡ್ಡಿಲ್ಲ, ಜಾಗ ಬಿಡಿಸೋರೂ ಇಲ್ಲ. ಆದರೆ ನಕ್ಷೆಯಲ್ಲಿ ಇದೆಯಲ್ಲ, ಅದನ್ನ ನಾವು ತೆಗೆಯೋಕಾಗಲ್ಲ. ಹೊಸ ಪ್ಲಾನ್ ಬರಲಿ" ಅಂದರು. ಊರ ಸುತ್ತ ಹಾಕಬೇಕಿದ್ದ ಪೆರಿಫೆರಲ್ ರಿಂಗ್ ರೋಡಿಗೆ ಅಂತ ಜಮೀನು ನೋಟಿಫೈ ಮಾಡಿಸಿಕೊಂಡು, ಅತ್ತ ಮಾರುವ ಹಾಗಿಲ್ಲ ಇತ್ತ ಕಟ್ಟುವ ಹಾಗಿಲ್ಲ ಅಂತ ವರ್ಷಗಟ್ಟಲೆ ಕೂತ ರೈತರ ಪಾಡು ನಮಗೆ ಅವತ್ತು ಅರ್ಥವಾಯಿತು.

ಈಗ ತಮಾಷೆ ನೋಡಿ. ಇದೇ ರಸ್ತೆಯ ಕೊನೆಯಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟ್ ಎದ್ದಿತು. ಅಷ್ಟು ಮಹಡಿಗೆ ಇಷ್ಟು ಸಣ್ಣ ರಸ್ತೆಯಲ್ಲಿ ಹೇಗೆ ಅನುಮತಿ ಅಂತ ಕೇಳಿದರೆ, ನಕ್ಷೆಯಲ್ಲಿ ರಸ್ತೆ 60 ಅಡಿ ಇದೆ, ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಕಟ್ಟಬಹುದು ಅನ್ನೋದು) ಲೆಕ್ಕ ಅದರ ಮೇಲೆ ಅಂತ ಹೇಳಿದರು. ಇಲ್ಲದ ರಸ್ತೆ ನಮಗೆ ಒಂದು ಮಹಡಿಯನ್ನೂ ಬಿಡಲಿಲ್ಲ. ಅದೇ ಇಲ್ಲದ ರಸ್ತೆ ಅವರಿಗೆ ಆಕಾಶದವರೆಗೂ ಮಹಡಿ ಕೊಟ್ಟಿತು. ಶಹಬ್ಬಾಸ್ ಸ್ವಾಮಿ.

ಆ ಕಟ್ಟಡಕ್ಕೆ ರಾತ್ರಿ ಹಗಲು ರೆಡಿಮಿಕ್ಸ್ ಲಾರಿಗಳು ಬರುತ್ತಿದ್ದವು. ಒಂದು ದಿನ ಬೆಳಗ್ಗೆ ನಮ್ಮ ಮನೆಯಿಂದ ಸ್ವಲ್ಪ ಮುಂದೆ ಒಂದು ಲಾರಿಯ ಹಿಂದಿನ ಚಕ್ರ ಒಳಚರಂಡಿಯ (ಯುಜಿಡಿ) ಚೇಂಬರಿನೊಳಗೆ ಇಳಿದುಬಿಟ್ಟಿತು. ಹಿಂದೆ ಸ್ಕೂಲ್ ವ್ಯಾನು, ಅದರ ಹಿಂದೆ ನೀರಿನ ಟ್ಯಾಂಕರ್, ಅದರ ಹಿಂದೆ ಹಾಲಿನ ಗಾಡಿ. ಮಕ್ಕಳು ಬ್ಯಾಗ್ ತಲೆ ಮೇಲೆ ಇಟ್ಟುಕೊಂಡು ಗೋಡೆ ಸವರಿಕೊಂಡು ನಡೆದು ಹೋದವು. ಕ್ರೇನ್ ಬರಲು ಜಾಗ ಇಲ್ಲ. ಡ್ರಮ್ಮು ತಿರುಗುತ್ತಾನೇ ಇದೆ. ಮಧ್ಯಾಹ್ನದ ಹೊತ್ತಿಗೆ ಡ್ರೈವರಿಗೆ ಭಯ ಶುರುವಾಯಿತು, ಇನ್ನು ಬಿಟ್ಟರೆ ಕಾಂಕ್ರೀಟು ಒಳಗೇ ಗಟ್ಟಿಯಾಗುತ್ತೆ ಅಂತ. ಸೈಟಿನಿಂದ ಒಬ್ಬ ಸೂಪರ್‌ವೈಸರ್ ಬಂದ. ಫೋನಿನಲ್ಲಿ ಮಾತಾಡಿದ. ಆಮೇಲೆ ನಮ್ಮ ಕಣ್ಣೆದುರಿಗೇ ಪಕ್ಕದ ಕಾಲುವೆಗೆ ಅಷ್ಟೂ ಕಾಂಕ್ರೀಟನ್ನು ಸುರಿಸಿಬಿಟ್ಟರು. ನಾನು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಓಡಿಹೋಗಿ ಕೂಗಾಡಿದೆ. "ನಾಳೆ ಕ್ಲೀನ್ ಮಾಡಿಸ್ತೀವಿ ಆಂಟಿ" ಅಂದ. ಆ ನಾಳೆ ಇನ್ನೂ ಬಂದಿಲ್ಲ.

ಆ ಕಾಲುವೆ ಸಣ್ಣದೇ. ಆದರೆ ಮೇಲಿನ ಲೇಔಟುಗಳ ಮಳೆ ನೀರೆಲ್ಲ ಅದರಲ್ಲೇ ಇಳಿದು ವರ್ತೂರು ಕೆರೆ ಕಡೆ ಹೋಗಬೇಕು. ಮುಂದಿನ ಜೋರು ಮಳೆಗೆ ನೀರು ಕಾಂಕ್ರೀಟಿಗೆ ಬಡಿದು ವಾಪಸ್ ಬಂತು. ಮೊಳಕಾಲುದ್ದ ನೀರು ನಮ್ಮ ನಡುಮನೆಯಲ್ಲಿ. ಬರೀ ಮಳೆ ನೀರಲ್ಲ, ಚೇಂಬರಿನದ್ದೂ ಸೇರಿ. ಗೌರಿ ಹಬ್ಬಕ್ಕೆ ಕೊಡಬೇಕಾಗಿದ್ದ ಬಟ್ಟೆಗಳೆಲ್ಲ ಕೆಳಗಿನ ಬುಟ್ಟಿಯಲ್ಲಿದ್ದವು. ಒಂದು ಮೈಸೂರು ಸಿಲ್ಕ್ ಸೀರೆಗೆ ಫಾಲ್ ಹಾಕಲು ಕೊಟ್ಟಿದ್ದರು, ಅದೂ ಹೋಯಿತು. ಅದರ ದುಡ್ಡನ್ನು ಕಂತಿನಲ್ಲಿ ತೀರಿಸಿದೆ. ಮಿಷಿನ್ ಮೋಟಾರು ಸುಟ್ಟಿತು. ಸೀರೆ ಕೊಟ್ಟಿದ್ದಾಕೆ ಪಾಪ ಏನೂ ಅನ್ನಲಿಲ್ಲ, ಆದರೆ ಆಮೇಲೆ ನನ್ನ ಹತ್ತಿರ ಬಟ್ಟೆ ಕೊಡುವುದನ್ನೂ ನಿಲ್ಲಿಸಿದರು.

ಕಾಂಕ್ರೀಟು ಒಡೆಸಿ ಕಾಲುವೆ ಬಿಡಿಸಿಕೊಡಿ ಅಂತ ದೂರು ಕೊಟ್ಟೆವು. ಬಂದವರು ಟ್ಯಾಬಿನಲ್ಲಿ ನಕ್ಷೆ ತೆಗೆದು ಬೆರಳಿನಲ್ಲಿ ಹಿಗ್ಗಿಸಿ ನೋಡಿದರು. "ಇಲ್ಲಿ ಕಾಲುವೆ ತೋರಿಸ್ತಾ ಇಲ್ಲ" ಅಂದರು. ಹಳ್ಳಿ ನಕ್ಷೆಯಲ್ಲಿ ಇದೆಯಲ್ಲ ಸಾರ್ ಅಂದೆವು. ಪಕ್ಕದ ಮನೆಯ ತಾತ ಅದರ ಜೆರಾಕ್ಸ್ ಇಟ್ಟುಕೊಂಡಿದ್ದಾರೆ, ಗೀಟು ಸ್ಪಷ್ಟವಾಗಿ ಕಾಣುತ್ತೆ. "ಇರಬಹುದು. ಸಿಡಿಪಿಯಲ್ಲಿ ಇಲ್ಲ" ಅಂದರು. ನಾವು ನಿಂತಿದ್ದು ಆ ಕಾಲುವೆಯ ದಂಡೆ ಮೇಲೆ. ಆ ಮನುಷ್ಯನ ಬೂಟಿಗೆ ಅದರ ಕೆಸರು ಮೆತ್ತಿತ್ತು.

ಸಚಿವರೇ, ಅವರನ್ನು ಬೈದು ಏನು ಪ್ರಯೋಜನ? ರಾಜಕಾಲುವೆ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೂ ಆಧಾರ ಅದೇ ಪ್ಲಾನು. 2016ರಲ್ಲಿ ಹಸಿರು ನ್ಯಾಯಮಂಡಳಿ ದೊಡ್ಡ, ಮಧ್ಯಮ, ಸಣ್ಣ ಕಾಲುವೆಗೆ 50, 35, 25 ಮೀಟರ್ ಬಿಡಿ, ಕೆರೆಗೆ 75 ಮೀಟರ್ ಬಿಡಿ ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮತ್ತೆ 2015ರ ಪ್ಲಾನಿನ 50, 25, 15 ಮೀಟರ್‌ಗೇ ಬಂದು ನಿಂತೆವು, ಕೆರೆಗೆ 30. ಅಂದಮೇಲೆ ಆ ನಕ್ಷೆಯಲ್ಲಿ ಗೀಟೇ ಬಿಟ್ಟುಹೋಗಿದ್ದರೆ ಆ ಬಿಡಬೇಕಾದ ಜಾಗ (ಬಫರ್) ಎಲ್ಲಿಂದ ಅಳೆಯೋದು? ಇಲ್ಲದ ರಸ್ತೆ ಇದೆ, ಇರುವ ಕಾಲುವೆ ಇಲ್ಲ. ಇಂಥ ನಕ್ಷೆ ಇಟ್ಟುಕೊಂಡು ಊರು ನಡೆಸುವುದು ಯಾರಿಗೆ ಅನುಕೂಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೊಸ ಕರಡು ಹೊರಗೆ ಬಿಡಿ. ಕಾಲುವೆಗಳನ್ನು ಹಳ್ಳಿ ನಕ್ಷೆ ಇಟ್ಟುಕೊಂಡು ಸ್ಥಳಕ್ಕೆ ಬಂದು ನೋಡಿ ಗುರುತು ಮಾಡಿ.

ಪ್ಲಾನ್ ಇಲ್ಲ ಅಂದಮಾತ್ರಕ್ಕೆ ಕೆಲಸ ನಿಂತಿಲ್ಲ, ಅದೇ ಹೊಟ್ಟೆಯುರಿ. ಪೇಪರಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ರಕಟಣೆ ಬರುತ್ತೆ. ಇಂಥ ಸರ್ವೆ ನಂಬರ್, ಕೃಷಿ ವಲಯದಿಂದ ವಸತಿ ವಲಯಕ್ಕೆ, ಆಕ್ಷೇಪಣೆ ಇದ್ದರೆ ಇಷ್ಟು ದಿನದೊಳಗೆ ಕೊಡಿ ಅಂತ. ಆ ಪೇಪರ್ ನಮಗೆ ಕೈಗೆ ಸಿಗುವುದು ಇಡ್ಲಿ ಪಾರ್ಸೆಲ್ ಕಟ್ಟಿಸಿಕೊಂಡು ಬಂದಾಗ. ಒಂದೊಂದೇ ಸರ್ವೆ ನಂಬರಿಗೆ ಹೀಗೆ ಭೂ ಬಳಕೆ ಬದಲಾಯಿಸುತ್ತಾ ಹೋದರೆ, ಆಮೇಲೆ ಮಾಡುವ ಮಾಸ್ಟರ್ ಪ್ಲಾನಿನಲ್ಲಿ ಬಣ್ಣ ತುಂಬುವುದು ಬಿಟ್ಟು ಇನ್ನೇನು ಉಳಿಯುತ್ತೆ? ಕರಡು ಬರುವವರೆಗೆ ದಯವಿಟ್ಟು ಇದನ್ನು ನಿಲ್ಲಿಸಿ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ ಅಂತ ಸುದ್ದಿ ಓದುತ್ತೇವೆ. ಭೂಮಿಯೊಳಗೆ ಎಲ್ಲಿ ಹೋಗಬೇಕು ಅಂತ ನಿಮ್ಮವರಿಗೆ ಇಷ್ಟು ನಿಖರವಾಗಿ ಗೊತ್ತಾಗುತ್ತೆ. ಭೂಮಿ ಮೇಲೆ ನಮ್ಮ ಕಾಲುವೆ ಮಾತ್ರ ಕಾಣಲ್ಲ. ಸುರಂಗ ಬೇಡ ಅಂತ ಹೇಳುವಷ್ಟು ದೊಡ್ಡವಳಲ್ಲ ನಾನು. ಊರಿಗೊಂದು ಪ್ಲಾನ್ ಮಾಡಿ, ಆಮೇಲೆ ಅದರಲ್ಲಿ ಏನು ಬೇಕೋ ತೋಡಿ ಅನ್ನುತ್ತಿದ್ದೇನೆ ಅಷ್ಟೆ.

ದುಡ್ಡಿನ ವಿಷಯ ಬಂದಾಗ ಮಾತ್ರ ನಾವು ಚೆನ್ನಾಗಿ ಕಾಣುತ್ತೇವೆ. ಮನೆ ತೆರಿಗೆ ಒಂದು ವರ್ಷವೂ ತಪ್ಪಿಸಿಲ್ಲ. ಇ-ಖಾತಾ ಅಂದಿರಿ, ಸೈಬರ್ ಸೆಂಟರಿನಲ್ಲಿ ಕ್ಯೂ ನಿಂತು ಮಾಡಿಸಿದೆವು. ಒಪ್ಪಿಗೆಯಿಲ್ಲದ ಲೇಔಟಿನ ಬಿ ಖಾತಾದಿಂದ ಸಕ್ರಮವಾದ ಎ ಖಾತಾ ಮಾಡಿಕೊಳ್ಳಿ, ಸರ್ಕಾರಿ ಮೌಲ್ಯದ 5 ಪರ್ಸೆಂಟ್ ಕಟ್ಟಿ ಅಂದಿರಿ. ಕಟ್ಟೋಣ. ಕಟ್ಟಿದ ಮೇಲೂ ಮನೆಯ ಅರ್ಧ ಭಾಗ ಸಿಡಿಪಿ ರೋಡಿನಲ್ಲೇ ಇರುತ್ತದಲ್ವಾ? ಹಾಗಾದರೆ ಆ ಅರ್ಧಕ್ಕೆ ಯಾವ ಖಾತಾ?

ಇದನ್ನೆಲ್ಲ ಕೇಳಲು ವಾರ್ಡಿನಲ್ಲಿ ಒಬ್ಬ ಕಾರ್ಪೊರೇಟರ್ ಇರಬೇಕಿತ್ತು. 2020ರ ಸೆಪ್ಟೆಂಬರ್‌ಗೆ ಅವರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ನಾವು ಪೂರ್ವ ಪಾಲಿಕೆಯಂತೆ. ಬೋರ್ಡು ಬದಲಾಯಿತು. ಪ್ಲಾನ್ ವಿಷಯ ಕೇಳಿದರೆ ಪಾಲಿಕೆಯವರು ಪ್ರಾಧಿಕಾರದ ಕಡೆ ಕೈ ತೋರಿಸುತ್ತಾರೆ, ಅಲ್ಲಿ ಹೋದರೆ ಮತ್ತೊಂದು ಪ್ರಾಧಿಕಾರದ ಕಡೆ. ಯಾರ ಟೇಬಲ್ ಮೇಲಿದೆ ಫೈಲು, ಅದನ್ನಾದರೂ ಹೇಳಿ.

ಹಾಗಾಗಿ ಮತ್ತೆ ಅದೇ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಮಾಸ್ಟರ್ ಪ್ಲಾನ್ ಕರಡು ಯಾವ ತಾರೀಕಿಗೆ ಪ್ರಕಟ ಮಾಡುತ್ತೀರಿ ಅಂತ ಬಾಯಿಬಿಟ್ಟು ಹೇಳಿ. ಅದನ್ನು ಕನ್ನಡದಲ್ಲಿ ಕೊಡಿ, ವೆಬ್‌ಸೈಟಿನಲ್ಲಿ ಸಾವಿರ ಪುಟದ ಪಿಡಿಎಫ್ ಹಾಕಿ ಕೈ ತೊಳೆದುಕೊಳ್ಳಬೇಡಿ. ಪ್ರತಿ ವಾರ್ಡಿನಲ್ಲಿ ಒಂದು ಶಾಲೆಯಲ್ಲೋ ಸಮುದಾಯ ಭವನದಲ್ಲೋ ನಕ್ಷೆ ಹರಡಿ, ಭಾನುವಾರ ಜನರನ್ನು ಕರೆದು ಕೂರಿಸಿ. ಮಾಡಲು ಆಗದ ರಸ್ತೆಗಳನ್ನು ನಕ್ಷೆಯಿಂದ ತೆಗೆಯಿರಿ. ಮಾಡುವ ಹಾಗಿದ್ದರೆ ಪರಿಹಾರ ಎಷ್ಟು, ಯಾವಾಗ ಅಂತ ಬರೆದುಕೊಡಿ, ಮನೆ ಬಿಡಲೂ ನಾವು ತಯಾರು. ಅಲ್ಲಿಯವರೆಗೆ ನಮ್ಮ ಕಾಲುವೆಯಲ್ಲಿ ಗಟ್ಟಿಯಾಗಿ ಕೂತಿರುವ ಕಾಂಕ್ರೀಟನ್ನು ಮುಂದಿನ ಮಳೆಗಾಲಕ್ಕೆ ಮುಂಚೆ ಒಡೆಸಿ. ಅದಕ್ಕೆ ಯಾವ ಮಾಸ್ಟರ್ ಪ್ಲಾನೂ ಬೇಡ, ಒಂದು ಜೆಸಿಬಿ ಸಾಕು.

ನಿಮ್ಮ ಉತ್ತರ ಅಂಚೆಯಲ್ಲೇ ಬರಬೇಕು ಅಂತಿಲ್ಲ. ಒಂದು ಪತ್ರಿಕಾ ಹೇಳಿಕೆ ಕೊಟ್ಟರೂ ಸಾಕು, ಅದರಲ್ಲಿ ತಾರೀಕು ಇರಲಿ.

ಇತಿ,
ವರ್ತೂರು ಕಡೆಯ ಒಬ್ಬ ಟೈಲರ್ ಮತ್ತು ತೆರಿಗೆದಾರಳು