ಗೆಳೆಯನಿಗೊಂದು ಪತ್ರ: ತಿಪ್ಪೆಯ ಗಂಧಕ ಮತ್ತು ಒಂದು ಕಬ್ಬಿಣದ ಪರಮಾಣು

ಕಲಬುರಗಿ

ಪ್ರಿಯ ಗೆಳೆಯ,

ಶರಣು ಶರಣಾರ್ಥಿ. ಭಾಲ್ಕಿಯಿಂದ ನೀನು ಕಳಿಸಿದ ಮಣ್ಣು ಪರೀಕ್ಷೆಯ ಚೀಟಿ ತಲುಪಿತು. ವರ್ಷ ತಪ್ಪದೆ ತಿಪ್ಪೆಗೊಬ್ಬರ ಕಾಣುವ ಎರೆಹೊಲದಲ್ಲಿ ಗಂಧಕ ಕಡಿಮೆ ಎಂದು ಹೇಗೆ ಬರೆದರು, ಸಗಣಿಯಲ್ಲಿ ಗಂಧಕವೇ ಇಲ್ಲವೇ ಎಂದು ನೀನು ಸಿಟ್ಟಿನಿಂದಲೇ ಕೇಳಿದ್ದೀಯೆ. ಚೀಟಿಯೂ ಸುಳ್ಳಲ್ಲ, ತಿಪ್ಪೆಯೂ ಮೋಸ ಮಾಡಿಲ್ಲ. ತೊಗರಿಯ ಬೇರು ಗಂಧಕವನ್ನು ಮುಖ್ಯವಾಗಿ ಸಲ್ಫೇಟ್ ರೂಪದಲ್ಲಿ, ಅಂದರೆ ನಾಲ್ಕು ಆಮ್ಲಜನಕಗಳೊಡನೆ ಕೂಡಿದ ರೂಪದಲ್ಲಿ, ಹೀರಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಅಳೆಯುವುದೂ ಹಾಗೆ ಬೇರಿಗೆ ಎಟುಕುವ ಭಾಗವನ್ನೇ. ಆದರೆ ಮೇಲ್ಮಣ್ಣಿನ ಗಂಧಕದ ಬಹುಪಾಲು ಸಾವಯವ ಪದಾರ್ಥಗಳೊಳಗೆ ಸಿಕ್ಕಿಕೊಂಡಿರುತ್ತದೆ, ಅದರಲ್ಲಿ ಒಂದು ಪಾಲು ನೇರವಾಗಿ ಇಂಗಾಲಕ್ಕೇ ಅಂಟಿಕೊಂಡಿರುತ್ತದೆ. 2009ರಲ್ಲಿ ಭೂಚೇತನ ಯೋಜನೆ ಬಂದಾಗಲೂ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆಯೇ ಎದ್ದು ಕಂಡಿತ್ತು.

ಇಂಗಾಲಕ್ಕೆ ಅಂಟಿದ ಈ ಗಂಧಕವನ್ನು ಬಿಡಿಸುವ ಕೆಲಸ ಬ್ಯಾಕ್ಟೀರಿಯಾಗಳದು. ಅವು ಅದನ್ನು ಹಲವು ಬಗೆಯ ಕಿಣ್ವಗಳಿಂದ ಮಾಡುತ್ತವೆ. ಅವುಗಳಲ್ಲಿ ನಾನು ಚೆನ್ನಾಗಿ ಬಲ್ಲ ಒಂದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅದರ ಕಥೆ ನಿನ್ನ ಕೊಟ್ಟಿಗೆಯ ದೇವಣಿ ಎತ್ತಿನಿಂದಲೇ ಆರಂಭಿಸಬಹುದಾದದ್ದು. 1827ರಲ್ಲಿ ಜರ್ಮನಿಯ ಟೀಡೆಮಾನ್ ಮತ್ತು ಗ್ಮೆಲಿನ್ ಎಂಬ ವಿಜ್ಞಾನಿಗಳು ಎತ್ತಿನ ಪಿತ್ತರಸದಿಂದ ಒಂದು ಪದಾರ್ಥವನ್ನು ಬೇರ್ಪಡಿಸಿದರು. ಎತ್ತಿಗೆ ಲ್ಯಾಟಿನ್ನಿನಲ್ಲಿ ಟಾರಸ್ ಎನ್ನುವುದರಿಂದ ಅದಕ್ಕೆ ಟಾರಿನ್ ಎಂಬ ಹೆಸರು ನಿಂತಿತು. ಎರಡೇ ಇಂಗಾಲಗಳ ಪುಟ್ಟ ಅಣು ಅದು: ಒಂದು ತುದಿಯಲ್ಲಿ ಸಾರಜನಕ, ಇನ್ನೊಂದು ತುದಿಯಲ್ಲಿ ಮೂರು ಆಮ್ಲಜನಕಗಳನ್ನು ಹೊತ್ತ ಗಂಧಕ. ಗಂಧಕ ಆಗಲೇ ಆಮ್ಲಜನಕ ಸೇರಿ ಸಾಕಷ್ಟು ಉತ್ಕರ್ಷಣಗೊಂಡಿರುವುದರಿಂದ ಅದನ್ನು ಇನ್ನಷ್ಟು ಕೆಣಕುವುದರಲ್ಲಿ ಲಾಭವಿಲ್ಲ. ತೊಡಕಿರುವುದು ಗಂಧಕಕ್ಕೂ ಪಕ್ಕದ ಇಂಗಾಲಕ್ಕೂ ನಡುವಿನ ಗಟ್ಟಿ ಬಂಧದಲ್ಲಿ.

ದನದ ಕರುಳಿನಲ್ಲಿಯೂ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾ ಸಲ್ಫೇಟ್ ಅಥವಾ ಸಿಸ್ಟೀನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲ ಸಿಗುತ್ತಿರುವವರೆಗೆ ಟಾರಿನ್ ಕಡೆಗೆ ತಿರುಗಿಯೂ ನೋಡುವುದಿಲ್ಲ. ಗಂಧಕದ ಬರ ಬಿದ್ದಾಗ ಮಾತ್ರ ಅದರ ನಾಲ್ಕು ಜೀನ್‌ಗಳು ಎಚ್ಚರಗೊಳ್ಳುತ್ತವೆ. ಮೂರು ಜೀನ್‌ಗಳು ಟಾರಿನ್ನನ್ನು ಜೀವಕೋಶದೊಳಗೆ ತರುವ ವ್ಯವಸ್ಥೆಯನ್ನು ಕಟ್ಟುತ್ತವೆ, ನಾಲ್ಕನೆಯದು ಟಾವ್-ಡಿ ಎಂಬ ಕಿಣ್ವವನ್ನು ತಯಾರಿಸುತ್ತದೆ. ಈ ಕಿಣ್ವದ ಗುಣಲಕ್ಷಣಗಳನ್ನು 1997ರಲ್ಲಿ ಜೂರಿಚ್‌ನ ಸಂಶೋಧಕರು ವಿವರಿಸಿದರು.

ಕಿಣ್ವದ ನಡುಮಧ್ಯೆ ಕಬ್ಬಿಣದ ಒಂದೇ ಒಂದು ಪರಮಾಣು ಇದೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವಂತೆ ಅದಕ್ಕೆ ಹೀಮ್ ಎಂಬ ಉಂಗುರದ ಆಸರೆಯಿಲ್ಲ. ಕಿಣ್ವದ ಸರಪಳಿಯ ಅಮೈನೋ ಆಮ್ಲಗಳಾದ ಎರಡು ಹಿಸ್ಟಿಡಿನ್‌ಗಳು ಮತ್ತು ಒಂದು ಆಸ್ಪಾರ್ಟೇಟ್ ಅದನ್ನು ಒಂದು ಬದಿಯಿಂದ ಹಿಡಿದಿರುತ್ತವೆ, ಇನ್ನೊಂದು ಬದಿ ಕೆಲಸಕ್ಕೆ ತೆರೆದಿರುತ್ತದೆ. ಮೊದಲು ಆಲ್ಫಾ-ಕೀಟೋಗ್ಲುಟರೇಟ್ ಎಂಬ ಸಹಾಯಕ ಅಣು ಬಂದು ಕಬ್ಬಿಣಕ್ಕೆ ಅಂಟುತ್ತದೆ. ಟಾರಿನ್ ಕಬ್ಬಿಣವನ್ನು ಮುಟ್ಟದೆ ಪಕ್ಕದಲ್ಲಿ ಬಂದು ಕುಳಿತ ಮೇಲೆಯೇ ಆಮ್ಲಜನಕಕ್ಕೆ ಸರಿಯಾಗಿ ದಾರಿ ತೆರೆಯುತ್ತದೆ, ಮತ್ತು ಈ ಸರದಿಗೆ ಕಾರಣವಿದೆ: ಟಾರಿನ್ ಇಲ್ಲದೆ ಆಮ್ಲಜನಕ ಒಳಹೊಕ್ಕರೆ ಪೆಟ್ಟು ಕಿಣ್ವದ ಮೈಮೇಲೆಯೇ, ಅಲ್ಲಿನ ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಮೇಲೆ ಬಿದ್ದು, ದ್ರಾವಣ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ.

ಎಲ್ಲವೂ ಸರಿಯಾಗಿ ಕೂಡಿದಾಗ ಆಮ್ಲಜನಕದ ಜೋಡಿ ಒಡೆಯುತ್ತದೆ. ಒಂದು ಪರಮಾಣು ಸಹಾಯಕ ಅಣುವನ್ನು ಸೇರಿ, ಅದು ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಸಕ್ಸಿನೇಟ್ ಆಗುತ್ತದೆ. ಇನ್ನೊಂದು ಪರಮಾಣು ಕಬ್ಬಿಣದ ಮೇಲೆಯೇ ಉಳಿಯುತ್ತದೆ, ಮತ್ತು ಆ ಗಳಿಗೆಯಲ್ಲಿ ಕಬ್ಬಿಣ ತನ್ನ ನಾಲ್ಕನೆಯ ಉತ್ಕರ್ಷಣ ಸ್ಥಿತಿಗೆ, ಅಂದರೆ ನಾಲ್ಕು ಎಲೆಕ್ಟ್ರಾನ್ ಬಿಟ್ಟುಕೊಟ್ಟಂಥ ಸ್ಥಿತಿಗೆ, ಏರಿರುತ್ತದೆ. ತುಕ್ಕಿನಲ್ಲಿರುವ ಕಬ್ಬಿಣವೂ ಮೂರಕ್ಕೇ ನಿಲ್ಲುತ್ತದೆ ಎಂಬುದನ್ನು ನೆನೆದರೆ ಈ ಏರಿಕೆಯ ಬಿಸಿ ನಿನಗೆ ಅರ್ಥವಾದೀತು. ಹೀಗೊಂದು ಸ್ಥಿತಿ ಇರಬೇಕೆಂದು ಬಹಳ ಕಾಲ ಊಹಿಸಿದ್ದರೂ ಈ ವರ್ಗದ ಕಿಣ್ವಗಳಲ್ಲಿ ಯಾರೂ ಕಂಡಿರಲಿಲ್ಲ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬೊಲಿಂಜರ್, ಕ್ರೆಬ್ಸ್ ಮತ್ತು ಸಂಗಡಿಗರು ಕ್ರಿಯೆ ಶುರುವಾದ ಕೆಲವೇ ಮಿಲಿಸೆಕೆಂಡುಗಳಲ್ಲಿ ದ್ರಾವಣವನ್ನು ಹೆಪ್ಪುಗಟ್ಟಿಸಿ, ಗಾಮಾ ಕಿರಣಗಳಿಂದ ಕಬ್ಬಿಣದ ಸ್ಥಿತಿಯನ್ನು ಗುರುತಿಸುವ ಮಾಸ್‌ಬೌವರ್ ವಿಧಾನದಿಂದ ಅದನ್ನು ಹಿಡಿದು ತೋರಿಸಿದರು. ಟಾರಿನ್‌ನ ಜಲಜನಕದ ಜಾಗದಲ್ಲಿ ಅದರ ಭಾರದ ರೂಪವಾದ ಡ್ಯೂಟೀರಿಯಂ ಇಟ್ಟಾಗ ಈ ಸ್ಥಿತಿ ಹತ್ತಾರು ಪಟ್ಟು ನಿಧಾನವಾಗಿ ಕರಗಿತು. ಕಬ್ಬಿಣ-ಆಮ್ಲಜನಕದ ಜೋಡಿ ಕೀಳುವುದು ಆ ಜಲಜನಕವನ್ನೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕಿಣ್ವದಲ್ಲಿ ಲೋಹ ಬರೀ ಸಹಾಯಕ ಎಂದು ವರ್ಷಗಟ್ಟಲೆ ಪಾಠ ಮಾಡಿದ ನನಗೆ ಇದನ್ನು ಓದಿದಾಗ ನಾಚಿಕೆಯೇ ಆಯಿತು.

ಹಾಗೆ ಕಿತ್ತ ಜಲಜನಕ ಆ ಆಮ್ಲಜನಕದೊಡನೆ ಕೂಡಿ ಹೈಡ್ರಾಕ್ಸಿಲ್ ಆಗಿ ಮರಳಿ ಅದೇ ಇಂಗಾಲವನ್ನು ಸೇರುತ್ತದೆ. ಗಮನಿಸು, ಪೆಟ್ಟು ಬಿದ್ದದ್ದು ಗಂಧಕದ ಮೇಲಲ್ಲ, ಅದರ ನೆರೆಯ ಇಂಗಾಲದ ಮೇಲೆ. ಒಂದೇ ಇಂಗಾಲದ ಮೇಲೆ ಹೈಡ್ರಾಕ್ಸಿಲ್ ಮತ್ತು ಗಂಧಕ ಎರಡೂ ಬಹಳ ಹೊತ್ತು ನಿಲ್ಲಲಾರವು; ಅಣು ತಾನಾಗಿಯೇ ಕಳಚಿ ಇಂಗಾಲದ ಭಾಗವಾದ ಅಮಿನೋ ಅಸಿಟಾಲ್ಡಿಹೈಡ್ ಒಂದು ಕಡೆಗೆ, ಗಂಧಕವನ್ನು ಹೊತ್ತ ಸಲ್ಫೈಟ್ ಇನ್ನೊಂದು ಕಡೆಗೆ ಹೋಗುತ್ತವೆ.

ಆ ಸಲ್ಫೈಟ್ ನೇರವಾಗಿ ನಿನ್ನ ತೊಗರಿಗೆ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ಯಾಕ್ಟೀರಿಯಾ ಅದನ್ನು ಸಲ್ಫೈಡ್ ಮಾಡಿ, ಸಿಸ್ಟೀನ್ ಕಟ್ಟಿ, ಮೊದಲು ತನ್ನ ಹೊಟ್ಟೆ ನೋಡಿಕೊಳ್ಳುತ್ತದೆ. ಅದು ಸತ್ತು ಕೊಳೆತ ಮೇಲಷ್ಟೇ ಉಳಿದದ್ದು ಮಣ್ಣಿಗೆ. ಆದ್ದರಿಂದ ತಿಪ್ಪೆಗೊಬ್ಬರವನ್ನು ಬಿಡಬೇಡ, ಆದರೆ ಈ ಮುಂಗಾರಿಗೆ ಅದೊಂದನ್ನೇ ನಂಬಿ ಕೂರಬೇಡ. ವಾಪಸು ಕಳಿಸುತ್ತೇನೆಂದು ನೀನು ಬರೆದ, ಗಂಧಕವನ್ನು ಸಲ್ಫೇಟ್ ರೂಪದಲ್ಲಿಯೇ ಕೊಡುವ ಜಿಪ್ಸಂ ಚೀಲಗಳನ್ನು ಇಟ್ಟುಕೊಂಡು, ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬಿತ್ತನೆಗೆ ಮುಂಚೆ ಹೊಲಕ್ಕೆ ಹಾಕು.

ಇತಿ ನಿನ್ನ ಗೆಳೆಯ