ಆಯಿಲ್ ಲೈಟ್ ಹೊತ್ತಿದರೆ ಮೊದಲು ಗೇಜ್ ಹಾಕಿ ನೋಡಲಿ

ಮಾನ್ಯ ಸಂಪಾದಕರೇ,

ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಮೂತಿಯಿಂದ ಹನಿಯೊಂದು ತೊಟ್ಟಿಕ್ಕುತ್ತಿರುವ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪವೊಂದಿದೆ. ಇಂಜಿನ್ನಿನೊಳಗೆ ಎಣ್ಣೆಯ ಒತ್ತಡ ಕುಸಿದಾಗ ಹೊತ್ತುವ ದೀಪವದು. ಅದು ಹೊತ್ತಿದಾಗ ಏನು ಮಾಡಬೇಕೆಂಬುದು ವರ್ಷಗಟ್ಟಲೆ ಕಾರು ಓಡಿಸಿದವರಿಗೂ, ಕೆಲವು ಗ್ಯಾರೇಜುಗಳಿಗೂ ಸರಿಯಾಗಿ ತಿಳಿದಿಲ್ಲವೆಂಬುದು ಕಳೆದ ಮಳೆಗಾಲದಲ್ಲಿ ನನ್ನ ಅನುಭವಕ್ಕೆ ಬಂದಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಾಸನದಿಂದ ಸಕಲೇಶಪುರದ ಕಡೆಗೆ ಹೋಗುತ್ತಿದ್ದಾಗ ಆಕ್ಸಿಲರೇಟರ್ ಒತ್ತಿದೊಡನೆ ಆ ದೀಪ ಮಿನುಗುವುದು, ಕಾಲು ಸಡಿಲಿಸಿದರೆ ಆರುವುದು ಶುರುವಾಯಿತು. ಜೊತೆಗಿದ್ದ ಭಾವಮೈದುನ "ಸೆನ್ಸರ್ ಹೋಗಿರ್ಬೇಕು ಭಾವ, ಊರು ಮುಟ್ಟಿ ನೋಡಿದ್ರಾಯ್ತು" ಎಂದರು. ನನಗೆ ಧೈರ್ಯ ಸಾಲದೆ ಇಂಜಿನ್ ಆಫ್ ಮಾಡಿ, ಕಾರನ್ನು ಬೇರೆ ವಾಹನಕ್ಕೆ ಕಟ್ಟಿಸಿ ಹತ್ತಿರದ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅಲ್ಲಿ ಸೆನ್ಸರ್ ಬದಲಿಸಿದರು. ದೀಪ ಮತ್ತೆ ಹೊತ್ತಿತು. ಹಾಗಿದ್ದರೆ ಬೇರಿಂಗ್ ಸವೆದಿದೆ, ಇಂಜಿನ್ ಇಳಿಸಬೇಕು ಎಂದರು. ಈ ಎರಡು ತೀರ್ಮಾನಗಳ ನಡುವೆ ಒತ್ತಡ ನಿಜವಾಗಿ ಎಷ್ಟಿದೆ ಎಂದು ಯಾರೂ ಅಳೆಯಲಿಲ್ಲ.

ಆ ದೀಪವನ್ನು ಹೊತ್ತಿಸುವ ಸ್ವಿಚ್ಚು (ಸೆನ್ಸರ್ ಎನ್ನುವುದು ಇದನ್ನೇ) ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಸುಮಾರು 0.3ರಿಂದ 0.5 ಕೆ.ಜಿ.ಗೆ ಒತ್ತಡ ಇಳಿದಾಗ ಮಾತ್ರ ಕೆಲಸ ಮಾಡುತ್ತದೆ. ಬಿಸಿಯಾದ ಆರೋಗ್ಯವಂತ ಇಂಜಿನ್ನಿನಲ್ಲಿ, ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ತಿರುಗುವ ಐಡ್ಲಿಂಗ್‌ನಲ್ಲಿಯೇ ಸುಮಾರು 1 ಕೆ.ಜಿ., ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ 3ರಿಂದ 4 ಕೆ.ಜಿ. ಒತ್ತಡ ಇರುವುದು ವಾಡಿಕೆ. ಎಂದರೆ ಓಡುತ್ತಿರುವಾಗ ದೀಪ ಹೊತ್ತಿತೆಂದರೆ ಒತ್ತಡ ಕಡಿಮೆಯಾಗುತ್ತಿದೆ ಎಂದಲ್ಲ, ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ತಿಳಿಯಬೇಕು. ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ದಂಡ) ಮತ್ತು ಅದನ್ನು ಹೊರುವ ಬೇರಿಂಗುಗಳ ನಡುವೆ ಇರುವ ಸಂದು ಮಿಲಿಮೀಟರಿನ ನೂರನೇ ಒಂದೆರಡು, ಹೆಚ್ಚೆಂದರೆ ಏಳೆಂಟು ಭಾಗ. ಅಲ್ಲಿ ನಿಂತ ಎಣ್ಣೆಯ ಪದರ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ಆಮೇಲೆ ಊರು ಮುಟ್ಟುವುದು ಇಂಜಿನ್ನಲ್ಲ, ಗ್ಯಾರೇಜಿನ ಬಿಲ್ಲು.

ಮನೆಯಲ್ಲಿ ನೋಡಬಹುದಾದದ್ದು ಬಹಳಷ್ಟಿದೆ. ಸಮನಾದ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಎಣ್ಣೆಯ ಮಟ್ಟ ತೋರಿಸುವ ಆಯಿಲ್ ಕಡ್ಡಿಯನ್ನು ಹೊರತೆಗೆದು ಒರೆಸಿ, ಪುನಃ ಪೂರ್ತಿ ಇಳಿಸಿ ನೋಡಬೇಕು. ಮೊದಲ ಸಲ ತೆಗೆದಾಗ ಕಾಣುವ ಗುರುತು ಸುಳ್ಳು. ಸಣ್ಣ ಕಾರುಗಳಲ್ಲಿ ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವೆ ಸುಮಾರು ಒಂದು ಲೀಟರ್ ಅಂತರವಿರುತ್ತದೆ. ಮಟ್ಟ ಕೆಳಗಿದ್ದರೆ ತಿರುವಿನಲ್ಲೋ ಇಳಿಜಾರಿನಲ್ಲೋ ಎಣ್ಣೆ ಒಂದು ಬದಿಗೆ ವಾಲಿ ಪಂಪು ಗಾಳಿ ಎಳೆಯುತ್ತದೆ, ಆಗ ದೀಪ ಮಿನುಗುತ್ತದೆ. ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಎಣ್ಣೆ ತೆಳುವಾಗಿದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ರೇಡಿಯೇಟರಿನ ನೀರು ಸೇರಿರುವ ಸಂಭವವೇ ಹೆಚ್ಚು. ಇವೆರಡರಲ್ಲಿ ಯಾವುದೇ ಇದ್ದರೂ ಎಣ್ಣೆ ತುಂಬಿಸಿ ಓಡಿಸತಕ್ಕದ್ದಲ್ಲ. ಕೀ ತಿರುಗಿಸಿದಾಗ ದೀಪ ಹೊತ್ತಿ, ಸ್ಟಾರ್ಟ್ ಆದ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಕೀ ತಿರುಗಿಸಿದಾಗ ಹೊತ್ತದಿದ್ದರೆ ಅದೂ ದೋಷವೇ. ಅಂಥ ಕಾರು ನಾಳೆ ಎಚ್ಚರಿಸಲಾರದು. ಒಂದೇ ತಂತಿಯ ಸ್ವಿಚ್ಚಿರುವ ಕಾರಿನಲ್ಲಿ ಆ ತಂತಿಯನ್ನು ಕಳಚಿಯೂ ದೀಪ ಆರದಿದ್ದರೆ ತಂತಿ ಎಲ್ಲೋ ಕಾರಿನ ಲೋಹದ ಮೈಗೆ ತಾಗಿದೆ ಎಂದರ್ಥ. ಇತ್ತೀಚಿನ ಕೆಲವು ಕಾರುಗಳ ವ್ಯವಸ್ಥೆ ಬೇರೆಯಾದ್ದರಿಂದ ಅವುಗಳಿಗೆ ಕೈಪಿಡಿಯೇ ಆಧಾರ.

ಇಷ್ಟರಲ್ಲಿ ಕಾರಣ ಸಿಗದಿದ್ದರೆ ಒತ್ತಡ ಅಳೆಯುವ ಗೇಜ್ ಬೇಕು. ನನಗದು ಸಿಕ್ಕಿದ್ದು ನಮ್ಮೂರಿನ ಟ್ರಾಕ್ಟರ್ ಮೆಕ್ಯಾನಿಕ್ಕರ ಬಳಿ. ಸ್ವಿಚ್ ಬಿಚ್ಚಿ, ಅದೇ ತೂತಿಗೆ ಹೊಂದುವ ತಿರುಪು ಸುತ್ತಿನ ನಿಪ್ಪಲ್ ಹಾಕಿ (ಸುತ್ತು ಹೊಂದದಿದ್ದರೆ ಬಲವಂತ ಮಾಡಬಾರದು, ಇಂಜಿನ್ ಬ್ಲಾಕಿನ ಸುತ್ತು ಹಾಳಾಗುತ್ತದೆ), ಗೇಜ್ ಕೂರಿಸಿ, ಇಂಜಿನ್ ಬಿಸಿ ಮಾಡಿದೆವು. ಐಡ್ಲಿಂಗ್‌ನಲ್ಲಿ ಮುಳ್ಳು 1 ಕೆ.ಜಿ.ಯ ಮೇಲೆ ಸ್ಥಿರವಾಗಿ ನಿಂತಿತು. ವೇಗ ಹೆಚ್ಚಿಸಿದಾಗ ಮೊದಲು ಏರಿದ ಮುಳ್ಳು, ಇನ್ನೂ ಏರಬೇಕಾದಲ್ಲಿ ನಡುಗುತ್ತಾ ಶೂನ್ಯದ ಕಡೆಗೆ ಬಿತ್ತು. ತಕ್ಷಣ ಆಫ್ ಮಾಡಿದೆವು. ಆ ಮೆಕ್ಯಾನಿಕ್ಕರು "ಇದು ಬೇರಿಂಗಲ್ಲ ಸಾರ್. ಬೇರಿಂಗ್ ಸವೆದಿದ್ರೆ ಬಿಸಿಯಾದ್ಮೇಲೆ ಸ್ಲೋನಲ್ಲಿ ಬೀಳತ್ತೆ, ರೇಸ್ ಮಾಡಿದ್ರೆ ಏರತ್ತೆ. ಇದು ಉಲ್ಟಾ. ಎಣ್ಣೆ ಎಳ್ಕೊಳ್ಳೋ ಕಡೆ ಎಲ್ಲೋ ಅಡ್ಡ ಇದೆ" ಎಂದರು.

ಕಾರನ್ನು ಎತ್ತಿ, ಜ್ಯಾಕನ್ನು ನಂಬದೆ ಸ್ಟ್ಯಾಂಡಿನ ಮೇಲೆ ಕೂರಿಸಿ ಕೆಳಗೆ ನೋಡಿದರೆ ಆಯಿಲ್ ಚೇಂಬರಿನ (ಇಂಜಿನ್ನಿನಡಿಯ ಎಣ್ಣೆ ತೊಟ್ಟಿಯ) ತಳ ಅಂಗೈಯಗಲ ಒಳಕ್ಕೆ ನಜ್ಜಾಗಿತ್ತು. ಎಲ್ಲಿಯೂ ಸೋರಿಕೆ ಇರಲಿಲ್ಲ. ಕಡ್ಡಿಯಲ್ಲಿ ಮಟ್ಟವೂ ಸರಿಯಾಗಿಯೇ ಇತ್ತು. ಚೇಂಬರ್ ಬಿಚ್ಚಿದಾಗ ಒಳಕ್ಕೆ ನಜ್ಜಾದ ತಗಡು, ಪಂಪು ಎಣ್ಣೆ ಎಳೆದುಕೊಳ್ಳುವ ಜಾಲರಿಯಾದ ಸ್ಟ್ರೈನರಿನ ಬಾಯಿಗೆ ಕಾಗದ ತೂರುವಷ್ಟೂ ಜಾಗ ಬಿಟ್ಟಿರಲಿಲ್ಲ. ಎರಡು ವಾರದ ಹಿಂದೆ ಹಳ್ಳಿಯೊಂದರ ರಸ್ತೆ ಉಬ್ಬಿಗೆ ಕಾರಿನ ತಳ ಬಡಿದದ್ದು ಆಗ ನೆನಪಾಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾನದಂಡ ಹೇಳಿದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ದುಂಡನೆಯದು; ನನ್ನ ಕಾರು ಹಾರಿದ್ದು ಗೋಡೆಯಂಥ ಮಣ್ಣಿನ ದಿಂಡನ್ನು. ತಗಡನ್ನು ತಟ್ಟಿ ಸರಿಪಡಿಸಿ, ಹೊಸ ಪ್ಯಾಕಿಂಗ್, ಫಿಲ್ಟರ್, ಎಣ್ಣೆ ಹಾಕಿದ ಮೇಲೆ 3000 ಸುತ್ತಿನಲ್ಲಿ ಮುಳ್ಳು ಮೂರೂವರೆ ಕೆ.ಜಿ. ತೋರಿಸಿತು. ಇಂಜಿನ್ ಇಳಿಸಲಿಲ್ಲ.

ಎಲ್ಲ ಸಲವೂ ಕಾರಣ ಇಷ್ಟು ಸುಲಭದ್ದಾಗಿರುವುದಿಲ್ಲ. ಪಂಪು ಸವೆದಿರಬಹುದು, ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು, ಬೇರಿಂಗೂ ನಿಜವಾಗಿಯೇ ಹೋಗಿರಬಹುದು. ಅಂಥ ಇಂಜಿನ್ನಿಗೆ ಗಟ್ಟಿ ಆಯಿಲ್ ಸುರಿದು ದೀಪವನ್ನು ಆರಿಸಿ ಮಾರುವವರಿರುವುದರಿಂದ ಹಳೆಯ ಕಾರು ಕೊಳ್ಳುವವರು ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಐಡ್ಲಿಂಗ್‌ನಲ್ಲಿ ಒತ್ತಡ ಅಳೆಯಿಸಿ ನೋಡಬೇಕು.

ನನ್ನ ಕೋರಿಕೆ ಎರಡು. ಆಯಿಲ್ ಒತ್ತಡದ ದೂರಿನೊಂದಿಗೆ ಬಂದ ಕಾರಿನ ಸೆನ್ಸರನ್ನಾಗಲಿ ಇಂಜಿನ್ನನ್ನಾಗಲಿ ಮುಟ್ಟುವ ಮೊದಲು, ಬಿಸಿ ಇಂಜಿನ್ನಿನ ಐಡ್ಲಿಂಗ್ ಮತ್ತು 3000 ಸುತ್ತಿನ ಗೇಜ್ ಅಳತೆಗಳನ್ನು ಗ್ಯಾರೇಜಿನವರು ಜಾಬ್ ಕಾರ್ಡಿನಲ್ಲಿ ಬರೆದುಕೊಡಲಿ, ಗ್ರಾಹಕರೂ ಅದನ್ನು ಕೇಳಿ ಪಡೆಯಲಿ. ಇನ್ನೊಂದು ಡ್ರೈವಿಂಗ್ ಸ್ಕೂಲುಗಳಿಗೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 31ನೇ ನಿಯಮದ ಪಠ್ಯಕ್ರಮದಲ್ಲಿ ವಾಹನದ ಯಂತ್ರಭಾಗ ಹಾಗೂ ದುರಸ್ತಿಯ ಪಾಠವೂ ಇದೆ. ಆ ಪಾಠದ ಹೊತ್ತಿನಲ್ಲಿ ಡ್ರೈವಿಂಗ್ ಸ್ಕೂಲಿನವರು ಬಾನೆಟ್ ಎತ್ತಿ, ಪ್ರತಿ ಕಲಿಯುವವರ ಕೈಗೂ ಒಮ್ಮೆ ಆಯಿಲ್ ಕಡ್ಡಿ ಕೊಟ್ಟು ಒರೆಸಿ ನೋಡಿಸಲಿ, ಕೆಂಪು ದೀಪ ಹೊತ್ತಿದರೆ ರಸ್ತೆಯ ಪಕ್ಕಕ್ಕೆ ತಂದು ಇಂಜಿನ್ ಆಫ್ ಮಾಡುವುದನ್ನು ಬಾಯಿಮಾತಿನಲ್ಲಲ್ಲದೆ ಮಾಡಿಸಿಯೇ ಕಲಿಸಲಿ.

ಇಂತಿ,
ನಿವೃತ್ತ ಶಿಕ್ಷಕ, ಹಾಸನ ಜಿಲ್ಲೆ