ಸ್ಕ್ಯಾನ್ ಮಾಡಿದ್ದೀರಿ ಸರಿ, ಅಸಲು ಎಲ್ಲಿ?

ಮಾನ್ಯ ಸಂಪಾದಕರೇ,

ನಾನು ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತೆ. ಫೈಲು ಕಟ್ಟುವುದು, ದಾಖಲೆಗಳ ಪಟ್ಟಿ ಬರೆಯುವುದು ನನ್ನ ಕೆಲಸ. ಈಗೀಗ ಕಕ್ಷಿದಾರರು ಕಾಗದದ ಚೀಲ ತರುವುದಿಲ್ಲ, ಫೋನ್ ತರುತ್ತಾರೆ. ‘ಎಲ್ಲಾ ಸ್ಕ್ಯಾನ್ ಮಾಡಿಟ್ಟಿದ್ದೀನಿ ಮೇಡಂ’ ಅನ್ನುತ್ತಾರೆ. ಅಸಲು ಎಲ್ಲಿ ಅಂದರೆ, ‘ಸ್ಕ್ಯಾನ್ ಇದೆಯಲ್ಲ, ಇನ್ನು ಅದು ಯಾಕೆ?’ ಅಂತ ನನ್ನನ್ನೇ ಕೇಳುತ್ತಾರೆ.

ಸ್ಕ್ಯಾನ್ ಕಾಪಿ ಕೋರ್ಟಿನಲ್ಲಿ ನಡೆಯುವುದೇ ಇಲ್ಲ ಅಂತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೇ ಕಲಮಿನ ಪ್ರಕಾರ, ಅಸಲು ಕಳೆದುಹೋಗಿದ್ದರೆ, ನಾಶವಾಗಿದ್ದರೆ, ಅಥವಾ ಎದುರು ಪಾರ್ಟಿ ಕೈಯಲ್ಲಿದ್ದು ನೋಟಿಸ್ ಕೊಟ್ಟರೂ ತರದಿದ್ದರೆ ನಕಲು ಹಾಜರುಪಡಿಸಬಹುದು. ಬೇರೆ ಕಾರಣವಿದ್ದರೆ ಅದು ನಮ್ಮ ಅಸಡ್ಡೆಯಿಂದ ಆಗಿರಬಾರದು. ‘ಸ್ಕ್ಯಾನ್ ಆಯ್ತು ಅಂತ ರದ್ದಿಗೆ ಹಾಕಿದೆ’ ಅಂದರೆ ಪಾಟೀ ಸವಾಲಿನಲ್ಲಿ ಎದುರು ವಕೀಲರು ಬಿಡುತ್ತಾರಾ?

ಕೈಸಾಲ ಕೊಟ್ಟ ಒಬ್ಬರು ಹೀಗೇ ಪ್ರೋನೋಟಿನ ಪಿಡಿಎಫ್ ತಂದಿದ್ದರು. ಮುಂಭಾಗ ಚೆನ್ನಾಗಿ ಬಂದಿತ್ತು. ಹಿಂಭಾಗವನ್ನು ಸ್ಕ್ಯಾನ್ ಮಾಡಿಯೇ ಇರಲಿಲ್ಲ. ಸಾಲಗಾರ ಅಷ್ಟಿಷ್ಟು ಹಣ ಕಟ್ಟಿ, ತನ್ನ ಕೈಯಾರೆ ಷರಾ ಬರೆದು ಸಹಿ ಹಾಕಿದ್ದು ಅಲ್ಲೇ. ಸಾಲದ ದಾವೆಗೆ ಕಾಲಮಿತಿ 3 ವರ್ಷ. ಅದು ಮುಗಿಯುವ ಮೊದಲು ಅಂಥ ಪಾವತಿ ಆಗಿದ್ದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಅಸಲು ಕಾಗದ ಮನೆ ಬದಲಿಸುವಾಗ ರದ್ದಿಗೆ ಹೋಗಿತ್ತು. ಖಾಲಿ ಹಾಳೆ ಅಂದುಕೊಂಡು ಬಿಟ್ಟ ಆ ಬೆನ್ನಿನ ಮೇಲೇ ಇಡೀ ಕೇಸು ನಿಂತಿತ್ತು.

ಇನ್ನು ಸರ್ಟಿಫಿಕೇಟಿನ ಮಾತು, ಅಂದರೆ ಫೈಲು ಯಾವ ಯಂತ್ರದಿಂದ, ಹೇಗೆ ಬಂತು ಅಂತ ಸಹಿ ಹಾಕಿ ಕೊಡುವ ದೃಢೀಕರಣ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಇದು ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಹೇಳಿತು. 2018ರಲ್ಲಿ ಕೊಂಚ ಸಡಿಲವಾಯಿತು. 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಮತ್ತೆ ಬಿಗಿ ಮಾಡಿತು. ಆಗ ಅದು ಹಳೇ ಸಾಕ್ಷ್ಯ ಕಾಯ್ದೆಯ 65ಬಿ, ಈಗ ಹೊಸ ಅಧಿನಿಯಮದ 63ನೇ ಕಲಂ. ಹೊಸ ಫಾರಂನಲ್ಲಿ ಎರಡು ಭಾಗ ಇದೆ: ‘ಎ’ ಭಾಗವನ್ನು ಪಾರ್ಟಿ ತುಂಬಬೇಕು, ‘ಬಿ’ ಭಾಗವನ್ನು ತಜ್ಞರು. ಫೈಲಿನ ಹ್ಯಾಷ್ ಮೌಲ್ಯವನ್ನೂ ಬರೆಯಬೇಕು. ಹ್ಯಾಷ್ ಅಂದರೆ ಫೈಲಿನ ಬೆರಳಚ್ಚು ಅನ್ನಿ. ಅದೇ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೋ ಮಾಡಿ ಕಳಿಸಿದರೆ ಅದು ಕುಗ್ಗುತ್ತದೆ. ನೋಡಲು ಎರಡೂ ಒಂದೇ, ಹ್ಯಾಷ್ ಮಾತ್ರ ಬೇರೆ. ಹಾಗಾಗಿ ಮೊದಲು ಸ್ಕ್ಯಾನ್ ಮಾಡಿದ ಫೈಲನ್ನು ಕತ್ತರಿಸದೆ, ತಿದ್ದದೆ ಇಡಿ.

ಇಷ್ಟೆಲ್ಲಾ ಮಾಡಿದರೂ ಸರ್ಟಿಫಿಕೇಟ್ ಹೇಳುವುದು ಫೈಲಿನ ಬಗ್ಗೆ ಮಾತ್ರ. ಸಹಿ ಅವರದ್ದೇ ಅಂತ ಅದು ಹೇಳುವುದಿಲ್ಲ. ಎದುರಿನವರು ‘ಸಹಿ ನನ್ನದಲ್ಲ’ ಅಂದರೆ ಕೈಬರಹ ತಜ್ಞರು ಪೆನ್ನಿನ ಒತ್ತು, ಮಸಿ ನೋಡಬೇಕು. ಪಿಡಿಎಫ್‌ನಲ್ಲಿ ಒತ್ತು ಎಲ್ಲಿಂದ ಬರಬೇಕು? ಛಾಪಾ ಶುಲ್ಕ ಕಡಿಮೆ ಬಿದ್ದ ಕರಾರನ್ನು ಬಹಳ ಸಲ ದಂಡ ಕಟ್ಟಿ ಸರಿ ಮಾಡಿಕೊಳ್ಳಬಹುದು. ಆದರೆ ಅದು ಅಸಲಿಗಷ್ಟೇ, ನಕಲಿಗೆ ಆ ದಾರಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ.

ಡಿಜಿಲಾಕರ್ ಇದೆಯಲ್ಲ ಅನ್ನುವವರಿಗೂ ಒಂದು ಮಾತು. ಇಲಾಖೆಯೇ ಅಲ್ಲಿಗೆ ನೇರವಾಗಿ ಕೊಟ್ಟ ದಾಖಲೆಗೆ ಅಸಲಿನ ಬೆಲೆ ಇದೆ. ನೀವೇ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ್ದು ಅಲ್ಲೂ ಸ್ಕ್ಯಾನೇ.

ಜನರದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸುವ ಕಚೇರಿಗಳು ಯಾರು, ಯಾವಾಗ, ಯಾವ ಯಂತ್ರದಲ್ಲಿ ಮಾಡಿದರು ಅಂತ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಹ್ಯಾಷನ್ನು ಅವತ್ತೇ ತೆಗೆದಿಡಬೇಕು. ಹತ್ತು ವರ್ಷ ಬಿಟ್ಟು ಸರ್ಟಿಫಿಕೇಟ್ ಕೇಳಿದರೆ ಆ ನೌಕರರು ನಿವೃತ್ತರಾಗಿರುತ್ತಾರೆ, ಯಂತ್ರ ಗುಜರಿಗೆ ಹೋಗಿರುತ್ತದೆ. ‘ಬಿ’ ಭಾಗದ ತಜ್ಞರು ಯಾರು, ಅವರಿಗೆ ಯಾವ ಅರ್ಹತೆ ಇರಬೇಕು ಅಂತ ಫಾರಂನಲ್ಲಿ ಒಂದು ಸಾಲೂ ಇಲ್ಲ. ಸಣ್ಣ ಮೊತ್ತದ ದಾವೆ ಹಾಕುವವರು ಅವರನ್ನು ಎಲ್ಲಿ ಹುಡುಕಬೇಕು? ಸರ್ಕಾರ ಪ್ರತಿ ನ್ಯಾಯಾಲಯದ ಆವರಣದಲ್ಲೂ ಇಂಥವರ ಪಟ್ಟಿ, ಶುಲ್ಕದ ವಿವರ ಹಾಕಲಿ.

— ವಕೀಲರ ಕಚೇರಿಯ ಗುಮಾಸ್ತೆ